ಸಾಧನೆ: ಇಲ್ಲ

ಮನುಷ್ಯನಿಗೆ ಸಿಟ್ಟು ಬರಬೇಕಾದರೆ ದೊಡ್ಡ ಕಾರಣವೇ ಬೇಕು ಎಂದು ನಂಬಿರುವವರು ಮುಳ್ಳಪ್ಪನವರನ್ನು ಕಂಡವರಲ್ಲ. ಅವರಿಗೆ ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಎಂಟು ಪುಟದ ಪತ್ರಿಕೆಯೊಂದು ಸಾಕಾಗಿತ್ತು. ಅವರು ಓದಿದ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘ ಅದನ್ನು ಹೊರಡಿಸುತ್ತಿತ್ತು. ಆರು ಪುಟಗಳ ತುಂಬ 'ನಮ್ಮವರು ಈಗೆಲ್ಲಿ' ಎಂಬ ಅಂಕಣ. ಅಂದರೆ ಯಾರು ಯಾರು ಎಷ್ಟೆಷ್ಟು ಮೇಲೇರಿದರು ಎಂಬ ವರದಿ. ಬರೆದು ಕಳಿಸುವವರೂ ಅವರವರೇ. ಉಳಿದ ಎರಡು ಪುಟಗಳಲ್ಲಿ ಸಂಘದ ಅಧ್ಯಕ್ಷರ ಫೋಟೋಗಳಿರುತ್ತಿದ್ದವು.

ಮುಳ್ಳಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಭೌತಶಾಸ್ತ್ರ ಓದಿ ಅವರು ತೂಕ ಮತ್ತು ಅಳತೆ ಕಚೇರಿ ಸೇರಿದ್ದರು. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಅಂಗಡಿಯವನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಅವರ ಕೆಲಸ. ತಕ್ಕಡಿಯ ಮುಳ್ಳು ಪೂರ್ತಿ ನಿಂತ ಹೊರತು ಅವರು ಅಂಕಿ ಬರೆಯುತ್ತಿರಲಿಲ್ಲ. ಸಾಲಿನಲ್ಲಿ ನಿಂತವರು ಶಾಪ ಹಾಕಲಿ, ಊಟದ ಹೊತ್ತು ಮೀರಲಿ, ಮುಳ್ಳು ನಿಲ್ಲಲೇಬೇಕು. ಇಪ್ಪತ್ತಮೂರು ವರ್ಷ ಒಂದೇ ಮೇಜು, ಒಂದೇ ಸ್ಟೂಲು. ಸ್ಟೂಲಿನ ಒಂದು ಕಾಲು ಗಿಡ್ಡವೆಂದು ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಕೊಟ್ಟಿದ್ದ ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು.

ಆ ಭಾನುವಾರ ಪತ್ರಿಕೆ ಬಿಚ್ಚಿದ ಕೂಡಲೇ ಕಣ್ಣಿಗೆ ಬಿದ್ದದ್ದು ಷಡ್ಡಕನ ನಗುಮುಖ. ಹೆಂಡತಿಯ ಅಕ್ಕನ ಗಂಡ ಅವನು. ಒಂದೇ ಬೆಂಚಿನಲ್ಲಿ ಕೂತು ಓದಿದವನು, ಇವರ ಉತ್ತರಗಳನ್ನು ಕದ್ದು ನೋಡಿ ಬರೆದು ಇವರಿಗಿಂತ ನಾಲ್ಕು ಅಂಕ ಹೆಚ್ಚು ತೆಗೆದವನು.

"ಕೇಳಿಲ್ಲಿ," ಎಂದು ಮುಳ್ಳಪ್ಪನವರು ಅಡುಗೆಮನೆಯ ಕಡೆಗೆ ಕೂಗಿದರು. "'ಆಹಾರ ವಿತರಣೆಯಲ್ಲಿ ಕ್ರಾಂತಿ ಮಾಡಿದ ಉದ್ಯಮಿ. ದಿನವೂ ಸಾವಿರಾರು ಪ್ರಯಾಣಿಕರ ಹಸಿವು ನೀಗಿಸುತ್ತಿದ್ದಾರೆ.' ಬಸ್ ನಿಲ್ದಾಣದಲ್ಲಿ ಬಿಸ್ಕತ್ತಿನ ಅಂಗಡಿ ಕಣೇ ಅದು! ಎಂಟಡಿ ಅಗಲ, ಹತ್ತಡಿ ಉದ್ದ. ನಾನೇ ಟೇಪು ಹಿಡಿದು ಅಳೆದಿದೀನಿ!"

"ಅಳೀರಿ, ಕಂಡೋರ ಅಂಗಡಿ ಎಲ್ಲಾ ಅಳೀರಿ," ಎಂದಳು ಹೆಂಡತಿ, ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದು. "ನಮ್ಮ ಭಾವ ಏನೋ ಒಂದು ಬರ್ಕೊಂಡಿದಾರೆ. ನಿಮಗೆ ಬರ್ಕೊಳ್ಳೋಕೆ ಏನಿದೆ? ಆ ಕುಂಟು ಸ್ಟೂಲಾ?"

"ಬರೀತೀನಿ ನೋಡು. ನಿಜ ಬರೀತೀನಿ! ಒಬ್ಬನಾದ್ರೂ ಈ ದೇಶದಲ್ಲಿ ನಿಜ ಬರೀಲಿ!"

ಪತ್ರಿಕೆಯ ಕೊನೆಯ ಪುಟದಲ್ಲಿ, ಮಾಹಿತಿ ಕಳಿಸುವವರಿಗಾಗಿ ಒಂದು ನಮೂನೆ ಇತ್ತು. ಅದರಲ್ಲಿ ಹತ್ತು ಕಾಲಂ. ಲೋಕದ ಜನ ಇಂಥ ನಮೂನೆಯಲ್ಲಿ ಬೇಕಾದ್ದನ್ನು ತುಂಬಿ, ಬೇಡವಾದ್ದನ್ನು ಖಾಲಿ ಬಿಡುತ್ತಾರೆ. ಆದರೆ ಮುಳ್ಳಪ್ಪನವರ ಕಚೇರಿಯಲ್ಲಿ ಕಾಲಂ ಖಾಲಿ ಬಿಡುವುದು ಅಪರಾಧ. ಖಾಲಿ ಬಿಟ್ಟರೆ ಆಮೇಲೆ ಯಾವನಾದರೂ ತನಗೆ ಬೇಕಾದ ಅಂಕಿ ತುಂಬಿಕೊಂಡಾನು ಎಂದು, ಏನೂ ಇಲ್ಲದ ಕಡೆ 'ಇಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯುವುದು ಅಲ್ಲಿಯ ನಿಯಮ. ಇಪ್ಪತ್ತಮೂರು ವರ್ಷ ಪಳಗಿದ ಕೈ ಅದನ್ನೇ ಮಾಡಿತು. ಈಗಿನ ಕೆಲಸ: ತಕ್ಕಡಿ ಪರೀಕ್ಷೆ. ಹಿಂದಿನ ಕೆಲಸ: ತಕ್ಕಡಿ ಪರೀಕ್ಷೆ. ಬಡ್ತಿ: ಇಲ್ಲ. ಪ್ರಶಸ್ತಿ: ಇಲ್ಲ. ವಿದೇಶ ಪ್ರವಾಸ: ಇಲ್ಲ. ಪ್ರಕಟಿತ ಪುಸ್ತಕ: ಇಲ್ಲ. ಸ್ವಂತ ಮನೆ: ಇಲ್ಲ. ಹವ್ಯಾಸ: ಇಲ್ಲ. ಸಾಧನೆ: ಇಲ್ಲ.

ಹತ್ತನೆಯ ಕಾಲಂ, ಮುಂದಿನ ಗುರಿ. ಅಲ್ಲಿ ಪೆನ್ನು ನಿಂತಿತು.

ಗುರಿ ಇಲ್ಲದೆ ಏನು! ಕಚೇರಿಯ ಹಿಂಭಾಗದಲ್ಲಿ ಮೂಲ ತೂಕದ ಕೋಣೆ ಎಂದು ಒಂದಿತ್ತು. ಕಿಟಕಿಯಿಲ್ಲದ, ಗಾಳಿಯಾಡದ ಆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೂಲ ತೂಕದ ಬಟ್ಟುಗಳಿದ್ದವು. ಊರಿನ ಎಲ್ಲ ತಕ್ಕಡಿಗಳ ನ್ಯಾಯ ಕೊನೆಗೆ ಅಲ್ಲಿಗೇ ಬಂದು ಮುಟ್ಟುತ್ತಿತ್ತು. ಕೈಯ ಬೆವರಿನ ಭಾರವೂ ತಾಗಬಾರದೆಂದು ಬಟ್ಟುಗಳನ್ನು ಇಕ್ಕಳದಲ್ಲಿ ಎತ್ತಬೇಕು. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಇನ್ನು ನಾಲ್ಕು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಅವರ ಕೀಲಿಕೈ ತಮ್ಮ ಕೈಗೆ ಬರಬೇಕೆಂಬುದು ಮುಳ್ಳಪ್ಪನವರ ಇಪ್ಪತ್ತಮೂರು ವರ್ಷದ ಆಸೆ. ಹೆಂಡತಿಗೂ ಬಾಯಿಬಿಟ್ಟು ಹೇಳಿದವರಲ್ಲ. ಸಿಕ್ಕಿಲ್ಲದ್ದನ್ನು ಬರೆಯುವುದುಂಟೇ, ಮುಳ್ಳು ಇನ್ನೂ ಆಡುತ್ತಿರುವಾಗ? ಬರೆದು, ಆಮೇಲೆ ಸಿಗದಿದ್ದರೆ ಷಡ್ಡಕ ನಗುವುದಿಲ್ಲವೇ? ಮುಂದಿನ ಗುರಿ: ಇಲ್ಲ, ಎಂದು ಬರೆದು ಗೆರೆ ಎಳೆದು ಅಂಚೆಗೆ ಹಾಕಿ ಬಂದರು.

ಮುಂದಿನ ಸಂಚಿಕೆ ಬಂತು. ಸಂಘದ ಕಾರ್ಯದರ್ಶಿ ಪತ್ರಿಕೆಯ ಸಂಪಾದಕನೂ ಆಗಿದ್ದ, ಮತ್ತು ಬಹಳ ಮೆತ್ತನೆಯ ಮನಸ್ಸಿನವನು. ಎಲ್ಲರೂ ಮೇಲೇರುತ್ತಿರುವ ಪತ್ರಿಕೆಯಲ್ಲಿ ಎಂಟು 'ಇಲ್ಲ'ಗಳನ್ನು ಒಟ್ಟಿಗೆ ಕಂಡು ಅವನ ಕರುಳು ಚುರುಕ್ ಎಂದಿತ್ತು. ಮೊದಲ ಪುಟದಲ್ಲೇ ಕಪ್ಪು ಚೌಕಟ್ಟು ಹಾಕಿ, ನಮೂನೆಯನ್ನು ಇದ್ದದ್ದು ಇದ್ದ ಹಾಗೇ ಅಚ್ಚು ಮಾಡಿ, ಮೇಲೆ 'ನೊಂದ ಜೀವವೊಂದರ ಮೌನದ ಕೂಗು' ಎಂದು ತಲೆಬರಹ ಕೊಟ್ಟಿದ್ದ.

"ಯಾರು ಕೂಗಿದ್ದು?" ಎಂದು ಮುಳ್ಳಪ್ಪನವರು ಕೂಗಿದರು. "ನಾನು ಯಾವಾಗ ಕೂಗಿದೆ? ನಾನು ನಮೂನೆ ತುಂಬಿದೆ!"

ಕೂಗಿದ್ದು ಕೆಳಮನೆಗೆ ಕೇಳಿಸಿತು. ಕೆಳಮನೆಯ ದರ್ಜಿಯಮ್ಮನ ತಮ್ಮನೂ ಅದೇ ವಿಶ್ವವಿದ್ಯಾಲಯದಲ್ಲಿ ಓದಿದ್ದರಿಂದ ಪತ್ರಿಕೆ ಅವಳ ಮನೆಗೂ ಬರುತ್ತಿತ್ತು. ಐದು ನಿಮಿಷದಲ್ಲಿ ಅವಳು ಮುಚ್ಚಿದ ಪಾತ್ರೆಯಲ್ಲಿ ಊಟ, ತೋಳಿನ ಮೇಲೆ ಎರಡು ಹಳೆಯ ಅಂಗಿ ಹಿಡಿದು ಮೇಲೆ ಬಂದಳು.

"ಅಣ್ಣಾ, ನಮ್ಮ ಯಜಮಾನರದು. ಕಾಲರು ತಿರುಗಿಸಿ ಹೊಲಿದಿದೀನಿ. ಸಂಕೋಚ ಪಡಬೇಡಿ. ಇಷ್ಟು ಕಷ್ಟ ಇಟ್ಕೊಂಡು ದಿನಾ ಮೆಟ್ಟಿಲ ಹತ್ರ ನೀರಿನ ಮೀಟರ್ ಬಗ್ಗೆ ಜಗಳ ಆಡ್ತಿದ್ರಲ್ಲ, ನಮಗೇನ್ರೀ ಗೊತ್ತಾಗ್ಬೇಕು!"

"ಕಷ್ಟ ಇಲ್ಲಮ್ಮ ನನಗೆ! ಸಂಬಳ ಬರುತ್ತೆ!"

"ಅದನ್ನೂ 'ಇಲ್ಲ' ಅಂತಾನೇ ಹೇಳ್ತಾರೆ ಪಾಪ," ಎಂದು ದರ್ಜಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದು ಹೋದಳು. ಅಂಗಿಗಳು ಅಲ್ಲೇ ಉಳಿದವು.

ಆಮೇಲೆ ಫೋನು. ಷಡ್ಡಕನ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಏನಪ್ಪಾ, ನಾನಿಲ್ವೇನೋ ನಿಂಗೆ? ಒಂದು ಮಾತು ಹೇಳೋದಲ್ವಾ? ಕೆಲಸ ಬಿಟ್ಟು ಬಾ. ನನ್ನ ಸಂಸ್ಥೆಯ ಎರಡನೇ ಶಾಖೆ ನೋಡ್ಕೊಳ್ಳೋಕೆ ನಂಬಿಕಸ್ಥ ಜನ ಬೇಕಾಗಿದೆ."

"ಎಷ್ಟಡಿ ಎರಡನೇ ಶಾಖೆ?"

"ಅದೆಲ್ಲಾ ಯಾಕೆ ಈಗ. ಗಾಡಿ ಅದು, ಚಕ್ರ ಇದೆ."

ಮುಳ್ಳಪ್ಪನವರು ಫೋನನ್ನು ಕುಕ್ಕಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ. ಅವಳು ಪತ್ರಿಕೆ ಓದಿ ಮುಗಿಸಿದ್ದಳು. ಹತ್ತು ಕಾಲಂಗಳಲ್ಲಿ ಅವಳ ಬೆರಳು ಒಂದರ ಮೇಲೆ ನಿಂತಿತ್ತು.

"ಸಾಧನೆ ಇಲ್ವಾ?"

"ಅದು ನಮೂನೇಲಿ ಕೇಳಿದ್ರು."

"ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದು ಸಾಧನೆ ಅಲ್ವಾ? ಮಗಳು ಪರೀಕ್ಷೇಲಿ ಮೊದಲನೇ ದರ್ಜೇಲಿ ಪಾಸಾಗಿದ್ದು ಸಾಧನೆ ಅಲ್ವಾ? ನಮ್ಮಮ್ಮ ಆಸ್ಪತ್ರೇಲಿ ಇದ್ದಾಗ ಹನ್ನೊಂದು ದಿನ ನೀವು ಬೆಂಚಿನ ಮೇಲೆ ಕೂತಿದ್ರಿ. ಅದೇನದು, ತಕ್ಕಡಿ ಪರೀಕ್ಷೆನಾ? ಹತ್ತು ಸಾವಿರ ಮನೆಗೆ ಬರೆದು ಹಂಚಿದೀರಿ, ಇವಳು ನನಗೆ ಲೆಕ್ಕಕ್ಕೇ ಇಲ್ಲ ಅಂತ!"

"ನಿನ್ನ ಬಗ್ಗೆ ಕಾಲಂ ಇರಲಿಲ್ಲ ಕಣೇ..."

ಹೇಳಿಯಾದ ಮೇಲೆ, ಇದು ಉತ್ತರವಲ್ಲ ಎಂದು ಮುಳ್ಳಪ್ಪನವರಿಗೂ ಗೊತ್ತಾಯಿತು. ಅಂದಿನಿಂದ ಅವಳು ಮಾತು ಬಿಟ್ಟಳು. ತಟ್ಟೆಯನ್ನು ಮೇಜಿನ ಮೇಲೆ ಇಡುವ ಸದ್ದಿನಿಂದಲೇ ಅವಳ ಸಿಟ್ಟಿನ ಪ್ರಮಾಣವನ್ನು ತಿಳಿದುಕೊಳ್ಳಬೇಕಾಯಿತು, ಮತ್ತು ದಿನದಿಂದ ದಿನಕ್ಕೆ ಪ್ರಮಾಣ ಏರುತ್ತಿತ್ತು.

ಎರಡನೆಯ ವಾರ ಸಂಘದ ಕಾರ್ಯದರ್ಶಿಯೇ ಮನೆಗೆ ಬಂದ. ಜೊತೆಗೆ ಸ್ಫೂರ್ತಿ ಭಾಷಣಕಾರನೊಬ್ಬ. ಅವನೂ ಮುಳ್ಳಪ್ಪನವರ ತರಗತಿಯವನೇ. 'ಮೂವತ್ತು ಸಾವಿರ ಮನಸ್ಸುಗಳನ್ನು ಎಚ್ಚರಿಸಿದವರು' ಎಂದು ಪತ್ರಿಕೆಯಲ್ಲಿ ಎರಡು ವರ್ಷದಿಂದ ಬರುತ್ತಿತ್ತು. ಬಂದವನೇ ಮುಳ್ಳಪ್ಪನವರ ಭುಜ ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿದ.

"ಹೇಳಿ, ನಾನು ಸಿಂಹ!"

"ನಾನು ತಕ್ಕಡಿ ಪರೀಕ್ಷಕ."

"ಗಟ್ಟಿಯಾಗಿ! ಹೊಟ್ಟೆಯ ಒಳಗಿಂದ! ನಾನು ಸಿಂಹ!"

"ಕೈ ತೆಗೀರಿ ಭುಜದ ಮೇಲಿಂದ!" ಎಂದು ಮುಳ್ಳಪ್ಪನವರು ಹೊಟ್ಟೆಯ ಒಳಗಿನಿಂದಲೇ ಗರ್ಜಿಸಿದರು.

"ನೋಡಿದ್ರಾ, ಬಂತು!" ಎಂದ ಭಾಷಣಕಾರ ಸಂತೋಷದಿಂದ. ಕಾರ್ಯದರ್ಶಿ ಚಪ್ಪಾಳೆ ತಟ್ಟಿ, ತನ್ನ ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದ. ಮುಳ್ಳಪ್ಪನವರನ್ನು ಇಪ್ಪತ್ತಮೂರು ವರ್ಷ ಮೂಲೆಯಲ್ಲಿ ಕೊಳೆಸಿದ ಕಚೇರಿಗೆ ಸಂಘದ ಪರವಾಗಿ ಖಂಡನೆ. ಕೆಳಗೆ ನಲವತ್ತೊಂದು ಸಹಿ.

"ಇದನ್ನ ಕಳಿಸಬೇಡಿ," ಎಂದರು ಮುಳ್ಳಪ್ಪನವರು. ಅವರ ದನಿ ಮೊದಲ ಸಲ ತಗ್ಗಿತ್ತು. "ದಯವಿಟ್ಟು. ನನ್ನದೊಂದು... ಅಲ್ಲಿ ಒಂದು ವಿಷಯ ನಡೀತಾ ಇದೆ."

"ಕಳಿಸಿ ನಾಲ್ಕು ದಿನ ಆಯ್ತು ಸಾರ್. ನಕಲು ಇದು. ನಿಮ್ಮ ಸಾಹೇಬರಿಗಿಂತ ಮೇಲಿನವರಿಗೂ ಒಂದು ಹೋಗಿದೆ. ನಾವು ಅರ್ಧ ಕೆಲಸ ಮಾಡೋರಲ್ಲ."

ಹೊರಡುವಾಗ ಭಾಷಣಕಾರ ಮೆಟ್ಟಿಲ ತಿರುವಿನಲ್ಲಿ ನಿಂತು, ಕಾರ್ಯದರ್ಶಿ ಕೆಳಗಿಳಿಯುವ ತನಕ ಕಾದು, ಮತ್ತೆ ಮೇಲೆ ಬಂದ. ಅವನ ಮುಖದಲ್ಲಿದ್ದ ಸ್ಫೂರ್ತಿಯೆಲ್ಲ ಇಳಿದು ಹೋಗಿತ್ತು. "ನಿಮಗೊಬ್ಬರಿಗೇ ಹೇಳ್ತೀನಿ. ಮೂವತ್ತು ಸಾವಿರ ಅಲ್ಲ. ಮೂವತ್ತು. ಅದರಲ್ಲಿ ಹತ್ತು ಜನ ನಮ್ಮ ನೆಂಟರು. ಬೆಳಗ್ಗೆ ಹೊತ್ತು ಬಾವಮೈದುನನ ಬಟ್ಟೆ ಒಗೆಯೋ ಅಂಗಡಿ ವ್ಯಾನು ಓಡಿಸ್ತೀನಿ. ನೀವು ಬರೆದದ್ದನ್ನ ಓದಿ ನನಗೆ ಅಳು ಬಂತು ಮಾರಾಯ್ರೇ."

"ಅಳು ಬಂದರೆ ನೀವೂ ನಿಜ ಬರೀರಿ! ನನ್ನ ಕನ್ನಡಿ ಮುಂದೆ ಯಾಕೆ ಬಂದು ಕುಣೀತೀರಿ!"

"ಅಯ್ಯೋ, ನನಗೆ ಮದುವೆಗೆ ಬಂದ ಮಗಳಿದಾಳೆ ಸಾರ್," ಎಂದು ಅವನು ಓಡಿದ.

ಇಂಥವರು ಅವನೊಬ್ಬನೇ ಅಲ್ಲ. ಆ ವಾರವೆಲ್ಲ ಫೋನಿನಲ್ಲಿ ತಗ್ಗಿದ ದನಿಗಳು. 'ಮೂರು ಖಂಡಗಳಲ್ಲಿ ಸಲಹೆಗಾರ' ಎಂದು ಬರೆಸಿಕೊಂಡವನಿಗೆ ಎಂಟು ತಿಂಗಳಿಂದ ಕೆಲಸವಿರಲಿಲ್ಲ. 'ಸಂಶೋಧನಾ ಸಂಸ್ಥೆಯ ನಿರ್ದೇಶಕಿ' ಆಗಿದ್ದವಳು ಮನೆಪಾಠ ಹೇಳುತ್ತಿದ್ದಳು. ಎಲ್ಲರೂ ನಿಜವನ್ನು ಮುಳ್ಳಪ್ಪನವರ ಕಿವಿಗೆ ಸುರಿದು, ಯಾರಿಗೂ ಹೇಳಬೇಡಿ ಎಂದು ಆಣೆ ಮಾಡಿಸಿಕೊಂಡು, ಹಗುರವಾಗಿ ಹೋದರು. ಊರಿನ ಸುಳ್ಳುಗಳ ಭಾರವೆಲ್ಲ ಒಬ್ಬ ಪ್ರಾಮಾಣಿಕನ ತಲೆಯ ಮೇಲೆ ಬಂದು ಕೂತಿತು. ಇದಕ್ಕಿಂತ ಅನ್ಯಾಯ ಇನ್ನೇನಿದೆ?

ಸೋಮವಾರ ಸಾಹೇಬರು ಕರೆಸಿದರು. ಮೇಜಿನ ಮೇಲೆ ನಲವತ್ತೊಂದು ಸಹಿಯ ಕಾಗದ, ಅದರ ಮೇಲೆ ಕಪ್ಪು ಚೌಕಟ್ಟಿನ ಪತ್ರಿಕೆ, ಅದರ ಮೇಲೆ ಸಾಹೇಬರ ಮುಷ್ಟಿ.

"ಏನ್ರೀ, ನಾನು ನಿಮ್ಮನ್ನ ಕೊಳೆಸಿದೀನಾ? ನೀವೇನು ತರಕಾರಿನಾ?"

"ನಾನು ಹಾಗೆ ಬರೆದಿಲ್ಲ ಸಾರ್."

"ಮೇಲಿನವರು ನನ್ನ ಸಮಜಾಯಿಷಿ ಕೇಳಿದಾರೆ! ನನ್ನ ಸರ್ವೀಸಲ್ಲಿ ಮೊದಲನೇ ಸಮಜಾಯಿಷಿ! ನಿಮ್ಮ ಬಡ್ತಿಯ ಕಡತ ಎಲ್ಲಿತ್ತು ಗೊತ್ತಾ? ಇಲ್ಲಿ, ನನ್ನ ಎಡಗೈ ಹತ್ರ ಇತ್ತು. ಮೂಲ ತೂಕದ ಕೋಣೆಗೆ ನಿಮ್ಮ ಹೆಸರನ್ನೇ ಬರೆದು ಕಳಿಸಿದ್ದೆ ನಾನು."

ಮುಳ್ಳಪ್ಪನವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ನನ್ನ ಹೆಸರಾ?"

"ಮತ್ತಿನ್ಯಾರದು? ಮುಳ್ಳು ನಿಲ್ಲೋ ತನಕ ಕಾಯೋನು ಈ ಕಟ್ಟಡದಲ್ಲಿ ಇನ್ನೊಬ್ಬ ಇದಾನಾ? ಆದರೆ ಮೇಲಿನವರು ನಿಮ್ಮ ಈ ಪತ್ರಿಕೆನ ಕಡತಕ್ಕೆ ಪಿನ್ ಹೊಡೆದು ವಾಪಸ್ ಕಳಿಸಿದಾರೆ. ಷರಾ ಓದಿ. 'ಮುಂದಿನ ಗುರಿ ಇಲ್ಲವೆಂದು ನೌಕರರೇ ಲಿಖಿತವಾಗಿ ತಿಳಿಸಿರುವುದರಿಂದ...'"

"ಅದು ಸುಳ್ಳು ಸಾರ್!"

ಹೊರಗೆ ತಕ್ಕಡಿಗಳ ಸದ್ದು ನಿಂತಿತು. ಅಂಗಡಿಯವರು ಬಾಗಿಲ ಹತ್ತಿರ ಗುಂಪು ಕೂಡಿದರು.

"ಯಾವುದ್ರೀ ಸುಳ್ಳು? ಷರಾನಾ?"

"ನಾನು ಬರೆದದ್ದು! ಗುರಿ ಇಲ್ಲ ಅಂತ ಬರೆದದ್ದು ಸುಳ್ಳು! ನನಗೆ ಆ ಕೋಣೆ ಬೇಕು ಸಾರ್. ಇಪ್ಪತ್ತಮೂರು ವರ್ಷದಿಂದ ಬೇಕು. ಆ ಗಾಜಿನ ಪೆಟ್ಟಿಗೆ ಒರೆಸೋ ಬಟ್ಟೆ ಎಲ್ಲಿ ಇಡ್ತಾರೆ ಅಂತ ಕೂಡ ನನಗೆ ಗೊತ್ತು. ದಿನಾ ಊಟದ ಹೊತ್ತಲ್ಲಿ ಆ ಬಾಗಿಲ ಮುಂದೆ ಹೋಗಿ ನಿಂತು ಬರ್ತೀನಿ. ನನಗೆ ಬೇಕು!"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಸಿಟ್ಟು ಈಗ ಬೇರೆ ಜಾತಿಯದಾಗಿತ್ತು. "ಇದನ್ನ ಒಂದೇ ಒಂದು ಸಲ ನನ್ನ ಹತ್ರ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ? ಶನಿವಾರ ಆರ್ಡರು ಬಂತು. ಆಗಲಿಸಾರ್‌ಗೆ ಕೊಟ್ಟಾಯ್ತು."

ಆಗಲಿಸಾರ್ ಅಂದರೆ ಪಕ್ಕದ ಮೇಜಿನವನು. ಏನು ಹೇಳಿದರೂ 'ಆಗಲಿ ಸಾರ್' ಅನ್ನುವುದರಿಂದ ಆ ಹೆಸರು. ಮುಳ್ಳಪ್ಪನವರು ಹೊರಗೆ ಬಂದಾಗ ಅವನು ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಪೆಚ್ಚಾಗಿ ಕೂತಿದ್ದ.

"ನಿಮಗೆ ಬೇಕಾಗಿತ್ತಾ ಆ ಕೋಣೆ?" ಎಂದು ಕೇಳಿದರು ಮುಳ್ಳಪ್ಪನವರು.

"ನನಗ್ಯಾಕೆ ಸಾರ್ ಬೇಕು? ಕಿಟಕಿ ಇಲ್ಲ, ಫ್ಯಾನು ಹಾಕೋ ಹಾಗಿಲ್ಲ. ಬೆವರು ಬೀಳಿಸೋ ಹಾಗಿಲ್ಲ ಬೇರೆ. ಮೇಲಿನವರು ಫೋನ್ ಮಾಡಿ, ಏನ್ರೀ ಗುರಿ ಇದೆಯಾ ಅಂತ ಕೇಳಿದ್ರು. ಆಗಲಿ ಸಾರ್ ಅಂದೆ."

ಮುಳ್ಳಪ್ಪನವರು ತಮ್ಮ ಸ್ಟೂಲಿಗೆ ಮರಳಿದರು. ಅಂದು ಸಂಜೆಯ ತನಕ ಏಳು ತಕ್ಕಡಿ ಪರೀಕ್ಷಿಸಿದರು. ಎಲ್ಲದರಲ್ಲೂ ಮುಳ್ಳು ನಿಲ್ಲುವ ತನಕ ಕಾದರು. ಆಮೇಲೆ ಮನೆಗೆ ನಡೆದೇ ಬಂದರು, ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ.

ಮನೆಯಲ್ಲಿ ತಟ್ಟೆ ಎಂದಿನಂತೆ ಸದ್ದು ಮಾಡಿ ಕೂತಿತು. ಅದರ ಮುಂದೆ ಕೂತು ಮುಳ್ಳಪ್ಪನವರು ಕೋಣೆಯ ವಿಷಯ, ಕೀಲಿಕೈಯ ವಿಷಯ, ಇಪ್ಪತ್ತಮೂರು ವರ್ಷದ ವಿಷಯ ಎಲ್ಲವನ್ನೂ ಹೇಳಿದರು. ಹೆಂಡತಿ ಹದಿನಾರು ದಿನದ ಮೌನ ಮುರಿದಳು.

"ನನಗೂ ಹೇಳಲಿಲ್ಲ ನೀವು!"

"ಯಾರಿಗೂ ಹೇಳಲಿಲ್ಲ."

"ಈಗ ಯಾರ ಮೇಲೆ ಸಿಟ್ಟು? ಭಾವನ ಮೇಲಾ, ಆ ಸಾಹೇಬರ ಮೇಲಾ?"

"ನಿಮ್ಮ ಭಾವ ಇರೋದಕ್ಕಿಂತ ಹೆಚ್ಚು ತೂಕ ಬರ್ಕೊಂಡ. ನಾನು ಕಡಿಮೆ ಬರ್ಕೊಂಡೆ. ಎರಡೂ ಕಳ್ಳ ತೂಕಾನೇ. ಕಡಿಮೆ ತೂಗಿದವನ ಅಂಗಡಿ ಬಾಗಿಲು ಹಾಕಿಸ್ತೀವಿ ನಾವು, ಗೊತ್ತಾ? ಹಾಕಿಸಿದೀನಿ, ಎಷ್ಟೋ ಜನರದ್ದು. ಅವರು ಕಾಲಿಗೆ ಬಿದ್ದರೂ ಬಿಟ್ಟಿಲ್ಲ ನಾನು." ಹಾಗೇ ಎದ್ದು ಹೋಗಿ ಸಂಘಕ್ಕೆ ಫೋನು ಹಚ್ಚಿದರು.

"ತಿದ್ದುಪಡಿ ಇದೆ. ಬರ್ಕೊಳ್ಳಿ."

"ತಿದ್ದುಪಡೀನಾ?" ಎಂದ ಕಾರ್ಯದರ್ಶಿ. "ಅದಕ್ಕೆ ನಮ್ಮಲ್ಲಿ ಜಾಗಾನೇ ಇಲ್ವಲ್ಲ ಸಾರ್. ಮೂವತ್ತು ವರ್ಷದಲ್ಲಿ ಒಬ್ಬರೂ ತಾವು ಬರೆದದ್ದು ತಪ್ಪು ಅಂತ ಹೇಳಿಲ್ಲ."

"ನಾನು ಹೇಳ್ತಿದೀನಿ! ಅಧ್ಯಕ್ಷರ ಒಂದು ಫೋಟೋ ತೆಗೆದು ಜಾಗ ಮಾಡಿ! ಬರೀರಿ. ಮುಂದಿನ ಗುರಿ: ಇತ್ತು. ಮೂಲ ತೂಕದ ಕೋಣೆ. ಬಾಯಿಬಿಟ್ಟು ಕೇಳಲಿಲ್ಲ. ಸಿಗಲಿಲ್ಲ."

ಆ ಕಡೆ ಪೆನ್ನು ಗೀಚುವ ಸದ್ದು. "ಆಯ್ತು ಸಾರ್. ಮತ್ತೆ ಆ ಇನ್ನೊಂದು ಕಾಲಂ, ಸಾಧನೆ? ಅದು 'ಇಲ್ಲ' ಅಂತಾನೇ ಇರಲಾ?"

ಮುಳ್ಳಪ್ಪನವರು ಬಾಯಿ ತೆರೆದರು. ಏನು ಹೇಳುವವರಿದ್ದರೋ, ಹೇಳಲು ಅವಕಾಶ ಸಿಗಲಿಲ್ಲ. ಹೆಂಡತಿ ಫೋನು ಕಿತ್ತುಕೊಂಡಾಗಿತ್ತು.

"ಆ ಕಾಲಂ ನಾನು ತುಂಬ್ತೀನಿ. ಕಾಗದ ಇದೆಯೇನ್ರೀ ನಿಮ್ಮ ಹತ್ರ? ಒಂದು ಸಾಲದು, ನಾಲ್ಕು ತಗೊಳ್ಳಿ. ಮೌನದ ಕೂಗು ಅಂತ ಬರೀತೀರಾ ನನ್ನ ಗಂಡನಿಗೆ? ಈಗ ಕೂಗು ಕೇಳಿಸ್ಕೊಳ್ಳಿ." ಅವಳು ಕಾಲಿನಿಂದಲೇ ಕುರ್ಚಿ ಎಳೆದು ಕೂತಳು. "ಬರೀರಿ. ಮೊದಲನೇದು. ಮದುವೆಯಾಗಿ ಇಪ್ಪತ್ತೊಂದು ವರ್ಷ. ಅದರಲ್ಲಿ ಇವರು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ತಮಗೆ ತಾವೇ ಮೋಸ ಮಾಡ್ಕೊಳ್ಳೋಕೆ. ಬರೆದ್ರಾ?"

"ಇಪ್ಪತ್ತೊಂದಲ್ಲ," ಎಂದರು ಮುಳ್ಳಪ್ಪನವರು ಹಿಂದಿನಿಂದ. "ಇಪ್ಪತ್ತು ವರ್ಷ ಹತ್ತು ತಿಂಗಳು."

"ನೀವು ಬಾಯಿ ಮುಚ್ಕೊಂಡು ಊಟ ಮಾಡಿ!" ಎಂದು ಹೆಂಡತಿ ಗದರಿ, ಎರಡನೆಯದಕ್ಕೆ ಬಂದಳು.